ಒಲೆಯ ಬಾಯಿ ಹೊರಗಿರಲಿ: ಗ್ಯಾಸ್ ಗೀಸರ್‌ನ ಕಾಣದ ಹೊಗೆಗೆ ದಾರಿ ಮಾಡುವ ಸಮಗ್ರ ಮಾರ್ಗದರ್ಶಿ

ಶಿರಸಿ ಹತ್ತಿರದ ನಮ್ಮಜ್ಜಿ ಮನೆಯ ಬಚ್ಚಲಲ್ಲಿ ಒಂದು ದೊಡ್ಡ ತಾಮ್ರದ ಹಂಡೆ ಇತ್ತು. ಹಂಡೆ ಒಳಗೆ, ಒಲೆಯ ಬಾಯಿ ಗೋಡೆಯ ಆಚೆ. ಹಿತ್ತಲಲ್ಲಿ ಕೂತು ಒಲೆಗೆ ತೆಂಗಿನ ಗರಿ, ಅಡಿಕೆ ಸೋಗೆ ತುರುಕಬೇಕು, ಒಳಗೆ ನೀರು ಕಾಯುತ್ತದೆ. ಮೀಯುವವರಿಗೆ ಬಿಸಿನೀರು, ಹೊಗೆಯೆಲ್ಲ ಒಲೆ ಮುಂದೆ ಮಲಗಿದ ಬೆಕ್ಕಿಗೆ.

ಆಮೇಲೆ ನಾನು ಪುಣೆಗೆ ಬಂದೆ. ಕೋಥ್ರೂಡ್‌ನಲ್ಲಿ ಬಾಡಿಗೆಗೆ ಸಿಕ್ಕ ಮೊದಲ ಫ್ಲ್ಯಾಟಿನ ಬಚ್ಚಲು 4 ಅಡಿಗೆ 6 ಅಡಿ. ನಲ್ಲಿಯ ಮೇಲೆ, ತಲೆಯ ಮಟ್ಟದಲ್ಲೇ ಗ್ಯಾಸ್ ಗೀಸರ್. ಡಿಸೆಂಬರ್ ಚಳಿಗೆ ಕಿಟಕಿಯ ಲೂವರ್ ಗಾಜುಗಳ ಸಂದಿಗೆ ಹಳೇ ಪೇಪರ್ ತುರುಕಿದ್ದೆವು. ಒಂದು ವಾರ ಪೂರ್ತಿ ನನ್ನ ಹೆಂಡತಿ ಸ್ನಾನ ಮುಗಿಸಿ ಬಂದವಳೇ "ರೀ, ತಲೆ ಯಾಕೋ ಭಾರ, ವಾಕರಿಕೆ ಬಂದ ಹಾಗೆ ಆಗ್ತಿದೆ" ಅನ್ನುತ್ತಿದ್ದಳು. ಪಿತ್ತ ಅಂದುಕೊಂಡೆವು. ಜೀರಿಗೆ ಕಷಾಯವೂ ಆಯಿತು. ಒಂದು ಬೆಳಿಗ್ಗೆ ಬಚ್ಚಲ ಬಾಗಿಲು ತೆರೆದವಳು ಅಲ್ಲೇ ಕುಸಿದಳು. ಎತ್ತಿಕೊಂಡು ಬಾಲ್ಕನಿಗೆ ತಂದೆ, ಐದು ನಿಮಿಷಕ್ಕೆ ಕಣ್ಣು ಬಿಟ್ಟಳು. ಗೀಸರ್ ಕೂರಿಸಿದ್ದ ಹುಡುಗನನ್ನು ಕರೆಸಿ ಕೇಳಿದರೆ "ಕಾಕಾ, ಕಾಹೀ ಹೋತ್ ನಾಹೀ" ಅಂದ. ಏನೂ ಆಗಲ್ಲವಂತೆ.

ನನಗೆ ನಾಚಿಕೆಯಾಗಿದ್ದು ಬೇರೆ ಕಾರಣಕ್ಕೆ. ನಾನು ಪಿಂಪ್ರಿಯ ಒಂದು ಕಾರ್ಖಾನೆಯಲ್ಲಿ ಬಾಯ್ಲರ್ ಮೇಂಟೆನೆನ್ಸ್ ನೋಡಿಕೊಳ್ಳುತ್ತಿದ್ದೆ. ದಿನಾ ಚಿಮಣಿಯ ಎಳೆತ ಅಳೆಯುವವನು, ಮನೆಯ ಬಚ್ಚಲಲ್ಲಿ ಚಿಮಣಿಯೇ ಇಲ್ಲದ ಬೆಂಕಿ ಉರಿಯುತ್ತಿದ್ದರೂ ನೋಡಿರಲಿಲ್ಲ.

ಬಚ್ಚಲೊಳಗೆ ಏನಾಗುತ್ತದೆ

ಸ್ವಲ್ಪ ಲೆಕ್ಕ ಹಾಕೋಣ. ನಿಮಿಷಕ್ಕೆ 6 ಲೀಟರ್ ನೀರನ್ನು 25 ಡಿಗ್ರಿಯಷ್ಟು ಬಿಸಿ ಮಾಡುವ ಗೀಸರ್ ಸುಮಾರು 12 ಕಿಲೋವ್ಯಾಟ್ ಬೆಂಕಿ ಉರಿಸುತ್ತದೆ. ಗಂಟೆಗೆ ಹತ್ತಿರ ಹತ್ತಿರ 1 ಕೆಜಿ ಎಲ್‌ಪಿಜಿ. ಒಂದು ಕೆಜಿ ಎಲ್‌ಪಿಜಿ ಸರಿಯಾಗಿ ಉರಿಯಲು 12 ಘನ ಮೀಟರಿಗಿಂತ ಜಾಸ್ತಿ ಗಾಳಿ ಬೇಕು. 4 ಅಡಿ, 6 ಅಡಿ, 9 ಅಡಿ ಎತ್ತರದ ಬಚ್ಚಲಲ್ಲಿ ಇರುವುದೇ 6 ಘನ ಮೀಟರ್ ಗಾಳಿ. ಅಂದರೆ ಹತ್ತು ನಿಮಿಷದ ಸ್ನಾನಕ್ಕೆ ಬಚ್ಚಲಿನ ಮೂರನೇ ಒಂದು ಭಾಗ ಗಾಳಿಯನ್ನು ಗೀಸರ್ ಕುಡಿದುಬಿಡುತ್ತದೆ, ಮತ್ತು ತಾನು ಉಗುಳಿದ ಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಆಮ್ಲಜನಕ ಕಡಿಮೆಯಾದ ಹಾಗೆ ಗ್ಯಾಸ್ ಅರೆಬರೆ ಉರಿಯುತ್ತದೆ. ಆಗ ಹುಟ್ಟುವುದೇ ಕಾರ್ಬನ್ ಮೊನಾಕ್ಸೈಡ್.

ಇದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಕಣ್ಣುರಿಯಿಲ್ಲ. ಅಜ್ಜಿಯ ಒಲೆ ಹೊಗೆ ಹಾಕಿದರೆ ಕೆಮ್ಮಿಕೊಂಡು ಓಡಿ ಬರುತ್ತಿದ್ದೆವು. ಇಲ್ಲಿ ಓಡಿಸುವವರೇ ಇಲ್ಲ. ಸೋರಿಕೆ ಗೊತ್ತಾಗಲಿ ಅಂತ ಗ್ಯಾಸಿಗೆ ಬೆರೆಸಿರುವ ಕೆಟ್ಟ ವಾಸನೆಯೂ ಉರಿದ ಮೇಲೆ ಉಳಿಯುವುದಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಜಾಸ್ತಿ ಬಿಗಿಯಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ಕಾಲು ಸೋತ ಹಾಗೆ ಆಗುವುದು, ಆಮೇಲೆ ಪ್ರಜ್ಞೆ ತಪ್ಪುವುದು. ಕೆಲವರಿಗೆ ಫಿಟ್ಸ್ ಬಂದ ಹಾಗೆ ಕಾಣುತ್ತದೆ. ನಮ್ಮ ದೇಶದ ನರರೋಗ ವೈದ್ಯರು ಇದಕ್ಕೆ ಗ್ಯಾಸ್ ಗೀಸರ್ ಸಿಂಡ್ರೋಮ್ ಅಂತಲೇ ಹೆಸರಿಟ್ಟಿದ್ದಾರೆ.

ಅಮೆರಿಕದ ಗ್ಯಾಸ್ ಕೋಡಿನಲ್ಲಿ ಒಂದು ಹಳೇ ನಿಯಮವಿದೆ. ಕೋಣೆಯ ಗಾಳಿಯನ್ನೇ ನಂಬಿ ಬೆಂಕಿ ಉರಿಸುವುದಾದರೆ ಗಂಟೆಗೆ ಉರಿಸುವ ಪ್ರತಿ 1,000 ಬಿಟಿಯುಗೆ (ಬಿಟಿಯು ಅಂದರೆ ಅಲ್ಲಿನ ಶಾಖದ ಅಳತೆ) 50 ಘನ ಅಡಿ ಜಾಗ ಇರಬೇಕು, ಅದೂ ಹೊಗೆಗೆ ಬೇರೆ ಕೊಳವೆ ಇಟ್ಟ ಮೇಲೆ. ನಮ್ಮ 12 ಕಿಲೋವ್ಯಾಟ್ ಗೀಸರಿಗೆ ಲೆಕ್ಕ ಹಾಕಿದರೆ 2,000 ಘನ ಅಡಿ ದಾಟುತ್ತದೆ. ನಮ್ಮ ಬಚ್ಚಲು 216 ಘನ ಅಡಿ. ಹತ್ತರಲ್ಲಿ ಒಂದು ಪಾಲು!

ಹೆಜ್ಜೆ 1: ನಿಮ್ಮದು ಯಾವ ಗೀಸರ್?

ಸ್ಟೂಲ್ ಹಾಕಿಕೊಂಡು ಗೀಸರ್‌ನ ತಲೆ ನೋಡಿ. ಮೇಲೆ ಬರೀ ಸೀಳು ಸೀಳಾದ ಕಿಂಡಿಗಳಿದ್ದು, ಕೊಳವೆ ಕೂರಿಸಲು ಕತ್ತೇ ಇಲ್ಲದಿದ್ದರೆ ಅದು ಕೊಳವೆಯಿಲ್ಲದ ಗೀಸರ್. ಉರಿದದ್ದೆಲ್ಲ ಅದು ಇರುವ ಕೋಣೆಗೇ ಬರುತ್ತದೆ. ಮುಂಬೈ, ಪುಣೆ ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ಸಿಗುವ 5–6 ಲೀಟರ್ ಗೀಸರ್‌ಗಳಲ್ಲಿ ಬಹುಪಾಲು ಇದೇ ಜಾತಿ.

ಮೇಲೆ ದುಂಡನೆಯ ಕತ್ತಿದ್ದು, ಒಳಗೆ ಫ್ಯಾನ್ ಇಲ್ಲದಿದ್ದರೆ ಅದು ಸಹಜ ಎಳೆತದ್ದು. ಬಿಸಿ ಗಾಳಿ ತಾನಾಗಿ ಮೇಲೇರುವ ಗುಣವನ್ನೇ ನಂಬಿಕೊಂಡಿದೆ. ಕತ್ತು ಚಿಕ್ಕದಿದ್ದು, ಗೀಸರಿಗೆ ಕರೆಂಟ್ ಪ್ಲಗ್ ಇದ್ದು, ಹೊತ್ತಿಕೊಳ್ಳುವಾಗ ಗುಂಯ್ ಅಂತ ಫ್ಯಾನ್ ತಿರುಗಿದರೆ ಅದು ಫ್ಯಾನಿನಿಂದ ಹೊಗೆ ತಳ್ಳುವಂಥದ್ದು. ನಾಲ್ಕನೆಯದು ಕೊಳವೆಯೊಳಗೆ ಕೊಳವೆ ಇರುವಂಥದ್ದು: ಹೊರಗಿನ ಕೊಳವೆಯಲ್ಲಿ ಗಾಳಿ ಬರುತ್ತದೆ, ಒಳಗಿನದರಲ್ಲಿ ಹೊಗೆ ಹೋಗುತ್ತದೆ. ಕೋಣೆಯ ಗಾಳಿಯನ್ನು ಮುಟ್ಟುವುದೇ ಇಲ್ಲ. ನನ್ನ ಕೇಳಿದರೆ ಮನೆಯೊಳಗೆ ಇಡಲು ಒಪ್ಪಬಹುದಾದದ್ದು ಇದೊಂದೇ. ಬೆಲೆ ಜಾಸ್ತಿ, ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ.

ಕೊಳವೆಯಿಲ್ಲದ ಗೀಸರಿಗೆ ಮಿಸ್ತ್ರಿಯ ಕೈಯಲ್ಲಿ ತಗಡಿನ ಟೋಪಿ ಮಾಡಿಸಿ ಕೊಳವೆ ಸಿಕ್ಕಿಸುವವರಿದ್ದಾರೆ. ದಯವಿಟ್ಟು ಬೇಡ. ಒಳಗಿನ ಗಾಳಿಯ ಓಟ ಕೆಟ್ಟು ಮೊದಲಿಗಿಂತ ಹೆಚ್ಚು ವಿಷ ಹುಟ್ಟಬಹುದು.

ಹೆಜ್ಜೆ 2: ಜಾಗ

ಇಲ್ಲಿ ಗೆದ್ದರೆ ಅರ್ಧ ಕೆಲಸ ಮುಗಿಯಿತು. ಬೆಂಕಿ ಹೊರಗೆ, ನೀರು ಒಳಗೆ. ಅಜ್ಜಿ ಮನೆಯ ಹಂಡೆಯ ಸೂತ್ರವೇ. ಬಿಸಿನೀರಿನ ಪೈಪು 10–15 ಅಡಿ ಉದ್ದವಾದರೆ ಮೊದಲು ಒಂದಿಷ್ಟು ತಣ್ಣೀರು ಬರುತ್ತದೆ, ಅಷ್ಟೇ. ಅದನ್ನು ಬಕೆಟ್‌ನಲ್ಲಿ ಹಿಡಿದು ಗಿಡಕ್ಕೆ ಹಾಕಿ.

ಪುಣೆಯ ಫ್ಲ್ಯಾಟುಗಳಲ್ಲಿ ಅಡುಗೆಮನೆಗೆ ತಾಗಿ ಡ್ರೈ ಬಾಲ್ಕನಿ ಇರುತ್ತದಲ್ಲ, ವಾಷಿಂಗ್ ಮಷಿನ್, ಪೊರಕೆ ಇಡುವ ಜಾಗ, ಅದೇ ಸರಿ. ಮುಂಬೈಯಲ್ಲಿ ಜಾಗದ ಕಷ್ಟ ಬೇರೆ. ಹಳೇ ಕಟ್ಟಡಗಳಲ್ಲಿ ಬಚ್ಚಲಿನ ಕಿಟಕಿ ಡಕ್ಟಿಗೆ, ಅಂದರೆ ಗೋಡೆಗಳ ನಡುವಿನ ಬಾವಿಯಂಥ ಕಿರಿದಾದ ಸಂದಿಗೆ ತೆರೆಯುತ್ತದೆ. ಹತ್ತು ಮನೆಯ ಬಚ್ಚಲುಗಳ ಕಿಟಕಿಗಳೂ ಅದೇ ಡಕ್ಟಿಗೆ. ಕೆಳಗಿನಿಂದ ಮೇಲಿನವರೆಗೆ ಆಕಾಶ ಕಾಣುವಂತೆ ತೆರೆದಿದ್ದರೂ ಅಲ್ಲಿಗೆ ಹೊಗೆ ಬಿಡುವುದು ನನಗೆ ಒಪ್ಪಿಗೆಯಿಲ್ಲ. ಮೇಲೆ ಮಳೆಗೆ ಅಂತ ಶೀಟ್ ಹೊದಿಸಿದ್ದರಂತೂ ಮಾತೇ ಬೇಡ. ನಿಮ್ಮ ಹೊಗೆ ಮೇಲಿನ ಮನೆಯ ಮಗುವಿನ ಸ್ನಾನಕ್ಕೆ ಹೋಗುತ್ತದೆ. ಬೇರೆ ಗೋಡೆ ಸಿಗದಿದ್ದರೆ 15 ಲೀಟರ್‌ನ ಕರೆಂಟ್ ಗೀಸರ್ ಹಾಕಿಸಿಬಿಡಿ. ಬಿಲ್ಲು ಸ್ವಲ್ಪ ಜಾಸ್ತಿ ಬರಲಿ.

ಗೋವಾದವರು ಪುಣ್ಯವಂತರು. ಬಿಡಿ ಮನೆ, ಹಿಂದೆ ಅಂಗಳ, ಸೂರಿನ ಕೆಳಗೆ ಗೋಡೆ. ಮಳೆ ಹೊಡೆಯದಂತೆ ಸೂರಿನ ನೆರಳಲ್ಲಿ ಕೂರಿಸಿದರೆ ಮುಗಿಯಿತು. ಕಿಟಕಿಯ ಪಕ್ಕ ಮಾತ್ರ ಬೇಡ. ಉಪ್ಪು ಗಾಳಿಗೆ ತುಕ್ಕು ಬೇಗ ಹಿಡಿಯುತ್ತದೆ, ಅದನ್ನು ಮುಂದೆ ಹೇಳುತ್ತೇನೆ.

ಹೆಜ್ಜೆ 3: ಗಾಳಿ ಒಳಬರುವ ದಾರಿ

ಹೊಗೆ ಹೋಗುವ ಕೊಳವೆಯ ಬಗ್ಗೆ ಎಲ್ಲರೂ ಕೇಳುತ್ತಾರೆ. ಗಾಳಿ ಎಲ್ಲಿಂದ ಬರುತ್ತದೆ ಅಂತ ಯಾರೂ ಕೇಳುವುದಿಲ್ಲ. ಗಾಳಿ ಬಾರದಿದ್ದರೆ ಹೊಗೆಯೂ ಹೋಗುವುದಿಲ್ಲ. ಬಾಟಲಿಯೊಳಗಿನ ಎಣ್ಣೆಯನ್ನು ಸಣ್ಣ ತೂತಿನಿಂದ ಬಗ್ಗಿಸಿದ ಹಾಗೆ, ಗಳ್ ಗಳ್ ಅಂತ ನಿಂತು ನಿಂತು ಬರುತ್ತದೆ.

ಡ್ರೈ ಬಾಲ್ಕನಿಯಲ್ಲೇ ಗೀಸರ್ ಇದೆ ಅಂತ ಸಮಾಧಾನ ಬೇಡ. ಮನೆ ಕೊಂಡ ಎರಡನೇ ವರ್ಷಕ್ಕೆ ಮಳೆ, ಧೂಳು, ಪಾರಿವಾಳ ಅಂತ ಅದಕ್ಕೆ ಅಲ್ಯುಮಿನಿಯಂ ಸ್ಲೈಡಿಂಗ್ ಕಿಟಕಿ ಹಾಕಿಸುತ್ತೇವೆ. ಆ ದಿನದಿಂದ ಅದು ಬಾಲ್ಕನಿಯಲ್ಲ, ಪುಟ್ಟ ಕೋಣೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಿಟಕಿ ಮುಚ್ಚಿಯೇ ಇರುತ್ತದೆ. ಚಳಿಗಾಲದಲ್ಲಿ ಮತ್ತೆ ಮುಚ್ಚುತ್ತೇವೆ.

ಕೊಳವೆ ಇರುವ ಗೀಸರ್ ಇಂಥ ಜಾಗದಲ್ಲಿದ್ದರೆ ಎರಡು ಕಿಂಡಿ ಬೇಕು: ಒಂದು ನೆಲದಿಂದ ಒಂದಡಿಯೊಳಗೆ, ಇನ್ನೊಂದು ಸೂರಿನಿಂದ ಒಂದಡಿಯೊಳಗೆ. ಎರಡೂ ನೇರ ಹೊರಗಿನ ಗಾಳಿಗೆ ತೆರೆಯಬೇಕು. ಅದೇ ಅಮೆರಿಕದ ಲೆಕ್ಕದಲ್ಲಿ ನಮ್ಮ ಗೀಸರಿಗೆ ಒಂದೊಂದೂ 10 ಚದರ ಇಂಚಿಗಿಂತ ಸ್ವಲ್ಪ ಜಾಸ್ತಿ ಬಯಲಾಗಿರಬೇಕು. ಜಾಲರಿ, ಲೂವರ್ ಪಟ್ಟಿಗಳು ಜಾಗ ತಿನ್ನುತ್ತವೆ. ಹಾಗಾಗಿ ನಾನು 6 ಇಂಚಿಗೆ 6 ಇಂಚಿನ ಕಿಂಡಿಯನ್ನೇ ಕೊರೆಸುತ್ತೇನೆ. ಸೊಳ್ಳೆ ಪರದೆಯ ಸಣ್ಣ ಕಣ್ಣಿನ ಜಾಲರಿ ಬೇಡ, ಮೂರು ತಿಂಗಳಿಗೆ ಧೂಳು ಕಟ್ಟಿ ಗೋಡೆಯಾಗುತ್ತದೆ. ಕಾಲಿಂಚು ಕಣ್ಣಿನದು ಹಾಕಿ. ಮುಚ್ಚಲು ಬಾಗಿಲು ಇಡಬೇಡಿ. ಇಟ್ಟರೆ ಮನೆಯಲ್ಲಿ ಯಾರಾದರೂ ಮುಚ್ಚಿಯೇ ಮುಚ್ಚುತ್ತಾರೆ.

ಕೊಳವೆಯಿಲ್ಲದ ಗೀಸರಿಗೆ ಈ ಕಿಂಡಿಗಳ ಲೆಕ್ಕ ನಡೆಯುವುದಿಲ್ಲ. ಅದಕ್ಕೆ ಒಂದು ಪಕ್ಕ ಪೂರ್ತಿ ಬಯಲಾಗಿರಬೇಕು. ಅಂದರೆ ಗ್ರಿಲ್ ಇರಲಿ, ಗಾಜು ಬೇಡ.

ಹೆಜ್ಜೆ 4: ಕೊಳವೆ

ಮೊದಲು ವಸ್ತು. ಕಳೆದ ವರ್ಷ ನಮ್ಮ ಸೊಸೈಟಿಯಲ್ಲಿ ಒಬ್ಬರು ಬಿಳಿ ಪಿವಿಸಿ ಪೈಪು ಹಾಕಿಸಿದ್ದರು. ಕೇಳಿದರೆ "ಅಮೆರಿಕದಲ್ಲಿ ಮಗನ ಮನೆಯ ಫರ್ನೇಸ್‌ಗೆ ಪಿವಿಸಿಯೇ ಇದೆ, ನಾನೇ ನೋಡಿದ್ದೀನಿ" ಅಂದರು. ಅವರು ನೋಡಿದ್ದು ನಿಜ. ಆ ಫರ್ನೇಸ್, ಅಂದರೆ ಮನೆ ಬೆಚ್ಚಗಿಡುವ ಒಲೆ, ನೂರಕ್ಕೆ 90ಕ್ಕಿಂತ ಹೆಚ್ಚು ಶಾಖವನ್ನು ಮನೆಗೇ ಕೊಟ್ಟುಬಿಡುತ್ತದೆ. ಹೊಗೆಯಲ್ಲಿನ ನೀರಾವಿ ಸಹ ಒಳಗೇ ನೀರಾಗುವಷ್ಟು ಅದು ತಣ್ಣಗಾಗಿರುತ್ತದೆ. ಅದಕ್ಕೇ ಪ್ಲಾಸ್ಟಿಕ್ ನಡೆಯುತ್ತದೆ. ಅಲ್ಲೇ ಹಳೇ, ನೂರಕ್ಕೆ 80ರ ಫರ್ನೇಸ್‌ಗಳಿಗೆ ಲೋಹದ ಕೊಳವೆಯೇ ಬೇಕು. ನಮ್ಮ ಗೀಸರ್ ಆ ಹಳೇ ಜಾತಿಗೆ ಸೇರಿದ್ದು. ಹೊಗೆ 150 ಡಿಗ್ರಿ ದಾಟಬಹುದು. ಪಿವಿಸಿ 80 ಡಿಗ್ರಿ ಹೊತ್ತಿಗೇ ಮೆತ್ತಗಾಗಿ ಜೋತುಬೀಳುತ್ತದೆ, ಜೋಡಣೆ ಬಿಟ್ಟುಕೊಳ್ಳುತ್ತದೆ. ಅವರ ಪೈಪಿನ ಮೊಳಕೈ ಆಗಲೇ ಕಂದಾಗಿತ್ತು.

ಸ್ಟೇನ್‌ಲೆಸ್ ಸ್ಟೀಲ್ ಹಾಕಿ. ಪುಣೆಗೆ 304 ದರ್ಜೆ ಸಾಕು. ಗೋವಾ ಕರಾವಳಿ, ಮುಂಬೈಯ ಸಮುದ್ರದ ಮುಖದ ಮನೆಗಳಿಗೆ 316 ಒಳ್ಳೆಯದು. ಸುರುಳಿ ಸುತ್ತಿದ ತೆಳು ಅಲ್ಯುಮಿನಿಯಂ ಪೈಪು, ಅಡುಗೆಮನೆ ಚಿಮಣಿಗೆ ಹಾಕುವುದು, ಅಗ್ಗ ಅಂತ ತರಬೇಡಿ. ಬೆರಳು ಒತ್ತಿದರೆ ತಗ್ಗು ಬೀಳುತ್ತದೆ, ತಗ್ಗಿನಲ್ಲಿ ನೀರು ನಿಲ್ಲುತ್ತದೆ. ಒಂದು ಕೆಜಿ ಎಲ್‌ಪಿಜಿ ಉರಿದರೆ ಸುಮಾರು ಒಂದೂವರೆ ಲೀಟರ್ ನೀರು ಆವಿಯಾಗಿ ಹೊರಬರುತ್ತದೆ. ಆ ನೀರು ಹುಳಿ ನೀರು, ತೆಳು ತಗಡನ್ನು ತಿನ್ನುತ್ತದೆ.

ಕೊಳವೆಯ ಅಗಲ ಗೀಸರ್‌ನ ಕತ್ತಿನಷ್ಟೇ ಇರಬೇಕು. ಗೋಡೆಯಲ್ಲಿ ಸಣ್ಣ ತೂತಿದೆ ಅಂತ ಕಿರಿದು ಮಾಡಬೇಡಿ. ಇನ್ನೊಂದು ತೂತು ಕೊರೆಸಿ.

ಇಳಿಜಾರು ತಲೆ ತಿನ್ನುವ ವಿಷಯ, ಮಿಸ್ತ್ರಿಗಳು ತಪ್ಪುವುದೂ ಇಲ್ಲೇ. ಸಹಜ ಎಳೆತದ ಗೀಸರಿಗೆ ಕೊಳವೆ ಮೊದಲು ನೆಟ್ಟಗೆ ಕನಿಷ್ಠ ಒಂದಡಿ ಮೇಲೇರಬೇಕು, ಆಮೇಲೆ ತಿರುವು. ಅಡ್ಡಕ್ಕೆ ಹೋಗುವ ಭಾಗವೂ ಹೊರಗೆ ಹೋದ ಹಾಗೆ ಮೇಲೇರುತ್ತಿರಬೇಕು, ಅಡಿಗೆ ಕಾಲಿಂಚು. ಬಿಸಿ ಗಾಳಿ ಕೆಳಗಿಳಿಯುವುದಿಲ್ಲ, ಅಲ್ವಾ? ಫ್ಯಾನ್ ಇರುವ ಗೀಸರಿಗೆ ಇದು ತಿರುಗಾಮುರುಗಾ. ಅಲ್ಲಿ ತಳ್ಳಲು ಫ್ಯಾನ್ ಇದೆ. ಹಾಗಾಗಿ ಕೊಳವೆ ಹೊರಗಡೆಗೆ ಸ್ವಲ್ಪ ಇಳಿದಿರಬೇಕು. ಇಲ್ಲದಿದ್ದರೆ ಮಳೆನೀರು, ಆವಿ ನೀರು ಎರಡೂ ಗೀಸರ್‌ನ ಹೊಟ್ಟೆಗೆ ಬರುತ್ತವೆ. ಮಟ್ಟ ತೋರಿಸುವ ಗುಳ್ಳೆಯ ಸ್ಪಿರಿಟ್ ಲೆವೆಲ್ ಇಟ್ಟು ನೀವೇ ನೋಡಿ.

ತಿರುವುಗಳು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಮೂರು ದಾಟಿದರೆ ಗೀಸರ್‌ನ ಜಾಗವೇ ತಪ್ಪು ಅಂತ ಅರ್ಥ. ಎಷ್ಟು ಉದ್ದ ಬಿಡಬಹುದು ಅಂತ ಕೈಪಿಡಿಯಲ್ಲಿ ಬರೆದಿರುತ್ತಾರೆ. ಅದನ್ನು ಮೀರಬೇಡಿ. ಜೋಡಣೆಗಳಲ್ಲಿ ಒಳಗಿನ ತುದಿ ಹೊಗೆ ಹೋಗುವ ದಿಕ್ಕಿಗೆ ಮುಖ ಮಾಡಿರಬೇಕು. ಬಿಸಿ ತಡೆಯುವ ಸಿಲಿಕೋನ್ ಅಥವಾ ಅಲ್ಯುಮಿನಿಯಂ ಟೇಪ್ ಸುತ್ತಿ, ಕ್ಲ್ಯಾಂಪ್ ಬಿಗಿಯಿರಿ. ಕರೆಂಟ್ ವೈರಿಗೆ ಸುತ್ತುವ ಕಪ್ಪು ಟೇಪು ಒಂದು ವಾರಕ್ಕೇ ಕರಗುತ್ತದೆ. ಗೋಡೆ ದಾಟುವಲ್ಲಿ ಕೊಳವೆಗೆ ಇನ್ನೊಂದು ದಪ್ಪ ಲೋಹದ ಬಳೆ ಹಾಕಿ ಸುತ್ತ ಸಿಮೆಂಟು ಮೆತ್ತಿಸಿ. ಪ್ಲೈವುಡ್ ಪಾರ್ಟಿಷನ್, ಪ್ಲಾಸ್ಟಿಕ್ ಫಾಲ್ಸ್ ಸೀಲಿಂಗ್ ಒಳಗೆ ಕೊಳವೆ ಮುಚ್ಚಿ ಹಾಯಿಸುವುದು ಬೇಡವೇ ಬೇಡ. ಕಣ್ಣಿಗೆ ಕಾಣದ ಜೋಡಣೆ ಬಿಟ್ಟುಕೊಂಡರೆ ಗೊತ್ತಾಗುವುದೇ ಇಲ್ಲ.

ಹೆಜ್ಜೆ 5: ಹೊರಗಿನ ತುದಿ

ಕೊಳವೆಯ ತುದಿ ತೆರೆಯುವ ಕಿಟಕಿ, ಬಾಗಿಲುಗಳಿಂದ ಪಕ್ಕಕ್ಕೆ ಅಥವಾ ಕೆಳಕ್ಕೆ 4 ಅಡಿ ದೂರ ಇರಲಿ, ಕಿಟಕಿಯ ಮೇಲಾದರೆ ಕನಿಷ್ಠ 1 ಅಡಿ. ನಿಮ್ಮ ಕಿಟಕಿ ಮಾತ್ರವಲ್ಲ, ಪಕ್ಕದವರದ್ದೂ, ಮೇಲಿನವರದ್ದೂ. ಬಾಕ್ಸ್ ಗ್ರಿಲ್ ಒಳಗೇ ತುದಿ ನಿಲ್ಲಿಸುವವರಿದ್ದಾರೆ. ಗ್ರಿಲ್ ಮೇಲೆ ಮಳೆಗೆ ಶೀಟ್ ಇರುತ್ತದೆ, ಹೊಗೆ ಅದಕ್ಕೆ ತಾಗಿ ವಾಪಸ್ ಕಿಟಕಿಗೇ ನುಗ್ಗುತ್ತದೆ. ಗ್ರಿಲ್ ದಾಟಿಸಿ ಹೊರಗೆ ಬಿಡಿ. ಮಳೆಗಾಲದ ಗಾಳಿ ಪಶ್ಚಿಮದಿಂದ ಹೊಡೆಯುತ್ತದೆ, ಆ ಕಡೆಯ ಗೋಡೆಯಾದರೆ ಗಾಳಿ ತಡೆಯುವ ಟೋಪಿ ಬೇಕೇ ಬೇಕು. ಕಂಪನಿಯದೇ ಟೋಪಿ ತನ್ನಿ.

ಹೆಜ್ಜೆ 6: ಗ್ಯಾಸಿನ ಕಡೆ

ಇದನ್ನು ಬೇಗ ಮುಗಿಸುತ್ತೇನೆ, ಯಾಕೆಂದರೆ ಇದು ನೀವು ಕೈ ಹಾಕುವ ಕೆಲಸವಲ್ಲ. ಪೈಪ್ ಗ್ಯಾಸ್ ಇದ್ದರೆ ಮುಂಬೈಯಲ್ಲಿ ಮಹಾನಗರ ಗ್ಯಾಸ್, ಪುಣೆಯಲ್ಲಿ ಎಂಎನ್‌ಜಿಎಲ್ ಒಪ್ಪಿದ ಪ್ಲಂಬರ್‌ನಿಂದಲೇ ಗೀಸರಿಗೆ ಬೇರೆ ಪಾಯಿಂಟ್ ತೆಗೆಸಿ. ಸಿಲಿಂಡರ್ ಆದರೆ ಒಲೆಯ ರಬ್ಬರ್ ಪೈಪಿಗೆ ಟಿ ಸಿಕ್ಕಿಸಬೇಡಿ.

ಒಂದು ವಿಷಯ ಮಾತ್ರ ನೀವೇ ಕೇಳಬೇಕು: ಜೆಟ್, ಅಂದರೆ ಬರ್ನರಿಗೆ ಗ್ಯಾಸ್ ಚಿಮ್ಮಿಸುವ ಪುಟ್ಟ ಮೂತಿ. ಸಿಲಿಂಡರ್ ಗ್ಯಾಸಿನ ಜೆಟ್‌ನ ತೂತು ಸಣ್ಣದು, ಪೈಪ್ ಗ್ಯಾಸಿನದು ದೊಡ್ಡದು. ಪೈಪ್ ಗ್ಯಾಸಿನ ಗೀಸರನ್ನು ಸಿಲಿಂಡರಿಗೆ ಸಿಕ್ಕಿಸಿದರೆ ಹಳದಿ ಜ್ವಾಲೆ ಭುಗಿಲೆದ್ದು ಮಸಿ ಕಟ್ಟುತ್ತದೆ, ವಿಷವೂ ಹೆಚ್ಚುತ್ತದೆ. ಊರಿಗೆ ಹೋಗುವಾಗ ಹಳೇ ಗೀಸರ್ ತಂಗಿಗೆ ಕೊಟ್ಟು ಬರುತ್ತೇವಲ್ಲ, ಆಗ ಇದು ನೆನಪಿರಲಿ. ಸೋರಿಕೆ ನೋಡಲು ಸೋಪಿನ ನೊರೆ ಹಚ್ಚಿ, ಕಡ್ಡಿ ಗೀರಬೇಡಿ.

ಹೆಜ್ಜೆ 7: ಊದುಬತ್ತಿ ಪರೀಕ್ಷೆ

ಮಿಸ್ತ್ರಿ ಚಪ್ಪಲಿ ಹಾಕಿಕೊಳ್ಳುವ ಮುಂಚೆ ಇದನ್ನು ಮಾಡಿಸಿ. ಮೊದಲು ಗ್ಯಾಸ್ ವಾಸನೆ ಇಲ್ಲ ಅಂತ ಖಚಿತ ಮಾಡಿಕೊಳ್ಳಿ. ಮನೆಯ ಎಲ್ಲ ಕಿಟಕಿ, ಬಾಗಿಲು ಮುಚ್ಚಿ. ಅಡುಗೆಮನೆ ಚಿಮಣಿ ಅತಿ ವೇಗಕ್ಕೆ ಇಡಿ, ಎಲ್ಲ ಬಚ್ಚಲುಗಳ ಎಕ್ಸಾಸ್ಟ್ ಫ್ಯಾನ್ ಹಾಕಿ. ಬಿಸಿನೀರು ಬಿಟ್ಟು ಗೀಸರ್ ಐದು ನಿಮಿಷ ಉರಿಯಲಿ. ಈಗ ಹೊತ್ತಿಸಿದ ಊದುಬತ್ತಿಯನ್ನು ಸಹಜ ಎಳೆತದ ಗೀಸರ್‌ನ ತಲೆಯ ಮೇಲೆ, ಕೊಳವೆಯ ಬುಡದಲ್ಲಿರುವ ಟೋಪಿಯ ತೆರೆದ ಅಂಚಿಗೆ, ಸುತ್ತಲೂ ಹಿಡಿದು ನೋಡಿ. ಹೊಗೆಯ ಎಳೆ ಒಳಕ್ಕೆ ಬಾಗಿದರೆ ಸರಿ. ನಿಮ್ಮ ಮುಖದ ಕಡೆ ತಿರುಗಿದರೆ ಗೀಸರ್ ಆರಿಸಿ, ಕಿಟಕಿ ತೆರೆಯಿರಿ. ಕೊಳವೆ ಹಿಮ್ಮುಖವಾಗಿ ಉಸಿರಾಡುತ್ತಿದೆ.

ಯಾಕೆ ಹೀಗಾಗುತ್ತದೆ? ಇವತ್ತಿನ ಅಡುಗೆಮನೆ ಚಿಮಣಿಗಳು ಗಂಟೆಗೆ 1,000 ಘನ ಮೀಟರಿಗೂ ಜಾಸ್ತಿ ಗಾಳಿ ಎಳೆಯುತ್ತವೆ ಅಂತ ಪೆಟ್ಟಿಗೆ ಮೇಲೇ ಬರೆದಿರುತ್ತದೆ. ಅಷ್ಟು ಗಾಳಿ ಎಲ್ಲಿಂದಲೋ ಬರಲೇಬೇಕು. ಕಿಟಕಿ ಮುಚ್ಚಿದ್ದರೆ ಗೀಸರ್‌ನ ಕೊಳವೆಯಿಂದಲೇ ಬರುತ್ತದೆ, ಹೊಗೆಯ ಸಮೇತ. ನೀವು ಬಂಗಡೆ ಹುರಿಯುತ್ತಿರುವಾಗ ಮಗಳು ಬಚ್ಚಲಲ್ಲಿದ್ದರೆ ಏನಾಗುತ್ತದೆ ನೋಡಿ. ಬಚ್ಚಲಿಗೆ ಎಕ್ಸಾಸ್ಟ್ ಫ್ಯಾನ್ ಇದೆ, ಹಾಗಾಗಿ ಭಯವಿಲ್ಲ ಅನ್ನುವ ಮಾತನ್ನೂ ನಾನು ನಂಬುವುದಿಲ್ಲ. ಸಹಜ ಎಳೆತದ ಗೀಸರ್ ಇರುವ ಕೋಣೆಯಲ್ಲಿ ಆ ಫ್ಯಾನೇ ಶತ್ರು.

ಫ್ಯಾನ್ ಇರುವ ಗೀಸರಿಗೆ ಊದುಬತ್ತಿಯನ್ನು ಕೊಳವೆಯ ಒಂದೊಂದೇ ಜೋಡಣೆಯ ಹತ್ತಿರ ಹಿಡಿಯಿರಿ. ಎಳೆ ಅಲುಗದೆ ನೆಟ್ಟಗೆ ಏರಬೇಕು. ದೂಡಿದ ಹಾಗೆ ಆದರೆ ಅಲ್ಲಿ ಸೋರುತ್ತಿದೆ.

ಜ್ವಾಲೆಯನ್ನೂ ನೋಡಿ. ನೀಲಿಯಿರಬೇಕು. ಧೂಳಿಗೆ ಆಗಾಗ ಕಿತ್ತಳೆ ಕಿಡಿ ಮಿನುಗುವುದು ಬೇರೆ. ಹಳದಿ ನಾಲಿಗೆ ನಿಂತು ಆಡುತ್ತಿದ್ದರೆ ಗೀಸರ್ ಬಂದ್. ಗೀಸರ್ ಇರುವ ಕೋಣೆಯ ಕಿಟಕಿ ಗಾಜಿನ ಮೇಲೆ ನೀರು ಹರಿಯುತ್ತಿದ್ದರೆ ಅದೂ ಒಂದು ಸುಳಿವು, ಉರಿದ ಆವಿ ಹೊರಗೆ ಹೋಗುತ್ತಿಲ್ಲ.

ಅಲಾರಂ

ಅಂಗಡಿಯಲ್ಲಿ ಗ್ಯಾಸ್ ಡಿಟೆಕ್ಟರ್ ಕೊಡಿ ಅಂದರೆ ಎಲ್‌ಪಿಜಿ ಸೋರಿಕೆಯದ್ದು ಕೊಡುತ್ತಾರೆ. ಅದು ಬೇರೆ, ಇದು ಬೇರೆ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಅಂತಲೇ ಕೇಳಿ, ಮೇಲೆ ಇಎನ್ 50291 ಅಂತ ಐರೋಪ್ಯ ಮಾನದಂಡದ ಗುರುತು ಇದೆಯೇ ನೋಡಿ. ಆ ಮಾನದಂಡದ ಪ್ರಕಾರ 300 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 300 ಪಾಲು ವಿಷ) ಆದರೆ ಮೂರು ನಿಮಿಷದೊಳಗೆ ಕೂಗುತ್ತದೆ, 50 ಪಿಪಿಎಂಗೆ ಒಂದು ಗಂಟೆಯಾದ ಮೇಲೆ. ಬಚ್ಚಲೊಳಗೆ ಹಾಕಬೇಡಿ, ಆವಿಗೆ ಕೆಡುತ್ತದೆ. ಬಚ್ಚಲ ಬಾಗಿಲಿನ ಹೊರಗೆ, ಗೀಸರ್ ಇರುವ ಕೋಣೆಯ ಪಕ್ಕ. ಅದರ ಆಯುಷ್ಯ ಹಿಂದೆ ಬರೆದಿರುತ್ತದೆ, ಸಾಮಾನ್ಯವಾಗಿ 5ರಿಂದ 10 ವರ್ಷ. ಹಾಕಿದ ದಿನವನ್ನು ಸ್ಕೆಚ್ ಪೆನ್ನಿನಲ್ಲಿ ಬರೆದಿಡಿ. ಅಲಾರಂ ಇದೆ ಅಂತ ಕೊಳವೆಯಿಲ್ಲದ ಗೀಸರನ್ನು ಬಚ್ಚಲಲ್ಲೇ ಉಳಿಸಿಕೊಳ್ಳಬೇಡಿ.

ಬಾಡಿಗೆ ಮನೆ, ಮಾಲೀಕ ಒಪ್ಪಲಿಲ್ಲ

ಇದು ನನಗೆ ಅತಿ ಹೆಚ್ಚು ಬರುವ ಫೋನು. ಡೊಂಬಿವಲಿಯಿಂದ, ಹಡಪ್ಸರ್‌ನಿಂದ, ಊರಿನಿಂದ ಹೊಸದಾಗಿ ಕೆಲಸಕ್ಕೆ ಬಂದ ಹುಡುಗರು. "ಅಂಕಲ್, ಗೋಡೆಗೆ ಮೊಳೆ ಹೊಡೆಯಲೂ ಬಿಡಲ್ಲ, ಏನ್ ಮಾಡೋದು?"

ಬಕೆಟ್. ಬಾಗಿಲು, ಕಿಟಕಿ ಪೂರ್ತಿ ತೆರೆದಿಟ್ಟು ಗೀಸರ್ ಹಚ್ಚಿ. ನೀವು ಹೊರಗೆ ನಿಲ್ಲಿ. ಎರಡು ಬಕೆಟ್ ತುಂಬಲು ಐದಾರು ನಿಮಿಷ. ಗೀಸರ್ ಆರಿಸಿ, ಗ್ಯಾಸಿನ ಕಾಕ್ ಮುಚ್ಚಿ. ಇನ್ನೂ ಐದಾರು ನಿಮಿಷ ಗಾಳಿ ಆಡಲಿ, ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಿ. ಶವರ್ ಸುಖ ಇಲ್ಲ, ನಿಜ. ಹಂಡೆಯಿಂದ ತಂಬಿಗೆಯಲ್ಲಿ ತೋಡಿಕೊಂಡು ಮಿಂದವರೇ ನಾವೆಲ್ಲ. ಇದು ಮಾಲೀಕರನ್ನು ಒಪ್ಪಿಸುವವರೆಗಿನ ದಾರಿ ಮಾತ್ರ. ಬಹಳ ಗೀಸರ್‌ಗಳಲ್ಲಿ 20 ನಿಮಿಷಕ್ಕೆ ತಾನೇ ಆರುವ ಟೈಮರ್ ಇರುತ್ತದೆ. ಆರಿದ ಕೂಡಲೇ ಮತ್ತೆ ಹಚ್ಚುವ ಚಾಳಿ ಬಿಡಿ. ಮತ್ತೆ, ಬಚ್ಚಲ ಚಿಲಕ ಹೊರಗಿನಿಂದ ನಾಣ್ಯ ಹಾಕಿ ತಿರುಗಿಸಿ ತೆಗೆಯುವಂಥದ್ದು ಇರಲಿ. ಇನ್ನೂರು ಮುನ್ನೂರು ರೂಪಾಯಿಯ ಮಾತು, ಮಾಲೀಕರನ್ನು ಕೇಳುವುದೂ ಬೇಡ.

ಯಾರಾದರೂ ಬಿದ್ದರೆ

ಬಚ್ಚಲಿಂದ ಸದ್ದಿಲ್ಲ, ಕೂಗಿದರೆ ಉತ್ತರವಿಲ್ಲ ಅಂದರೆ ಸಂಕೋಚ ಪಡಬೇಡಿ, ಬಾಗಿಲು ಮುರಿಯಿರಿ. ಉಸಿರು ಬಿಗಿಹಿಡಿದು ಹೋಗಿ, ಮೊದಲು ಅವರನ್ನು ಎಳೆದು ಬಯಲು ಗಾಳಿಗೆ ತನ್ನಿ. ಗೀಸರ್, ಗ್ಯಾಸ್ ಇನ್ನೊಬ್ಬರು ಮುಚ್ಚಲಿ. ಗ್ಯಾಸಿನ ವಾಸನೆ ಇದ್ದರೆ ಯಾವ ಸ್ವಿಚ್ಚನ್ನೂ ಮುಟ್ಟಬೇಡಿ. ಮಹಾರಾಷ್ಟ್ರ, ಗೋವಾ ಎರಡೂ ಕಡೆ ಆಂಬ್ಯುಲೆನ್ಸ್‌ಗೆ 108. ಸಿಲಿಂಡರ್ ಸೋರಿಕೆಗೆ 1906.

ಉಸಿರಾಟವಿಲ್ಲದಿದ್ದರೆ ಎದೆ ಒತ್ತಲು ಶುರುಮಾಡಿ. ಎಚ್ಚರ ಬಂತು ಅಂತ ಮನೆಯಲ್ಲೇ ಮಲಗಿಸಬೇಡಿ. ನಾನು ಆವತ್ತು ಮಾಡಿದ ತಪ್ಪು ಅದೇ. ಸಾದಾ ಗಾಳಿಯಲ್ಲಿ ರಕ್ತದಲ್ಲಿನ ಆ ವಿಷ ಅರ್ಧಕ್ಕೆ ಇಳಿಯಲು ನಾಲ್ಕೈದು ಗಂಟೆ ಬೇಕು, ಆಸ್ಪತ್ರೆಯ ಶುದ್ಧ ಆಮ್ಲಜನಕದಲ್ಲಿ ಒಂದು, ಒಂದೂವರೆ ಗಂಟೆ. ಕೋವಿಡ್ ಕಾಲದಲ್ಲಿ ತಂದಿಟ್ಟ ಬೆರಳಿನ ಆಕ್ಸಿಮೀಟರ್ 98 ತೋರಿಸಬಹುದು, ನಂಬಬೇಡಿ. ಅದಕ್ಕೆ ಎರಡು ಅನಿಲಗಳ ವ್ಯತ್ಯಾಸ ಗೊತ್ತಾಗುವುದಿಲ್ಲ. ವೈದ್ಯರಿಗೆ ಮೊದಲ ಮಾತೇ "ಗ್ಯಾಸ್ ಗೀಸರ್ ಹಾಕಿದ್ದ ಬಚ್ಚಲಲ್ಲಿ ಬಿದ್ದಿದ್ದು" ಅಂತ ಇರಲಿ. ಇಲ್ಲದಿದ್ದರೆ ಫಿಟ್ಸ್ ಅಂತ ಬೇರೆ ದಿಕ್ಕಿಗೆ ಹೋಗಬಹುದು. ಗರ್ಭಿಣಿಯಾದರೆ ಅದನ್ನೂ ಹೇಳಿ.

ದೀಪಾವಳಿಗೆ ಮುಂಚೆ

ವರ್ಷಕ್ಕೊಮ್ಮೆ ಸರ್ವಿಸ್ ಮಾಡಿಸಲು ನಾನು ಹಿಡಿದಿರುವ ಗಡುವು ನೀರು ತುಂಬುವ ಹಬ್ಬ. ಮರುದಿನ ಬೆಳಗಿನ ಜಾವ ಎಣ್ಣೆ ಸ್ನಾನಕ್ಕೆ ಮನೆಮಂದಿ, ಬಂದ ನೆಂಟರು ಎಲ್ಲರೂ ಸಾಲು ನಿಲ್ಲುತ್ತಾರೆ. ಗೀಸರ್ ಒಂದು ಗಂಟೆ ಬಿಡುವಿಲ್ಲದೆ ಉರಿಯುವ ದಿನ ಅದೊಂದೇ. ಅದಕ್ಕೆ ಮುಂಚೆ ಬರ್ನರ್‌ನ ಧೂಳು ಊದಿಸಿ, ಒಳಗಿನ ತಾಮ್ರದ ರೆಕ್ಕೆಗಳ ಮಸಿ ತೆಗೆಸಿ, ಕೊಳವೆ ಬಿಚ್ಚಿ ತೊಳೆಸಿ, ಊದುಬತ್ತಿ ಪರೀಕ್ಷೆ ಮತ್ತೆ ಮಾಡಿ.

ಹೊರಗಿನ ತುದಿಯನ್ನು ಮಾತ್ರ ತಿಂಗಳಿಗೊಮ್ಮೆ ಬಗ್ಗಿ ನೋಡಬೇಕು. ಮಣ್ಣಿನ ಗೂಡು ಕಟ್ಟುವ ಕಣಜ ಕೊಳವೆಯೊಳಗೇ ಮನೆ ಮಾಡುತ್ತದೆ. ಪಾರಿವಾಳಕ್ಕೆ ಕೊಳವೆ ಸಣ್ಣದು, ಆದರೆ ಬಾಯಿಗೆ ಅಡ್ಡವಾಗಿ ಕಡ್ಡಿ ಜೋಡಿಸಲು ಅದಕ್ಕೆ ಯಾರಪ್ಪನ ಅಪ್ಪಣೆಯೂ ಬೇಡ. ಹೋದ ವರ್ಷ ನಮ್ಮ ಎಸಿಯ ಹೊರಪೆಟ್ಟಿಗೆಯ ಮೇಲೆ, ಗೀಸರ್ ಕೊಳವೆಯ ನೇರ ಎದುರಿಗೆ ಗೂಡು ಕಟ್ಟಿ ಎರಡು ಮೊಟ್ಟೆ ಇಟ್ಟಿತ್ತು. ತೆಗೆಯಲು ಹೋದರೆ ಹೆಂಡತಿ ಬಿಡಲಿಲ್ಲ. "ಮರಿ ಹಾರಿ ಹೋಗಲಿ, ಆಮೇಲೆ ನಿಮ್ಮ ಗೀಸರ್" ಅಂದಳು. ಒಂದೂವರೆ ತಿಂಗಳು ಒಲೆಯ ಮೇಲೆ ಪಾತ್ರೆಯಲ್ಲಿ ನೀರು ಕಾಯಿಸಿ, ಬಚ್ಚಲಿಗೆ ಹೊತ್ತು ಹಾಕಿದೆ. ಮರಿ ಹಾರಿದ ಮರುದಿನವೇ ಆ ಜಾಗಕ್ಕೆ ಬಲೆ ಕಟ್ಟಿಸಿದೆ. ಕೊಳವೆಯ ಬಾಯಿಯ ಎದುರು ಮಾತ್ರ ಬಲೆಯನ್ನು ದುಂಡಗೆ ಕತ್ತರಿಸಿ, ತುದಿಯನ್ನು ಆಚೆ ದಾಟಿಸಿದ್ದೇನೆ.